ಗೋಡೆ ತನಕದ ಓಟ

ಲಾಕ್‌ಡೌನಿನಲ್ಲಿ ಮೈದಾನ ಮುಚ್ಚಿದ್ದ ಅಷ್ಟೂ ತಿಂಗಳು ನಮ್ಮ ತಂಡದ ಫುಟ್‌ಬಾಲ್ ಆಟಗಾರರು ಮನೆಯೊಳಗೇ ಓಡಿದರು. ಕೋಚ್ ಫೋನಿನ ಪರದೆಯಲ್ಲಿ ಸೀಟಿ ಊದುತ್ತಿದ್ದರು. ಇವರು ಗೋಡೆಯಿಂದ ಗೋಡೆಗೆ ಓಡಿ, ನಿಂತು, ತಿರುಗುತ್ತಿದ್ದರು. ತಂಡದ ಫಿಸಿಯೋ ನಾನು. ಇದು ಓಟವಲ್ಲ, ಬರೀ ಬ್ರೇಕ್ ಹಾಕುವ ಅಭ್ಯಾಸ ಎಂದು ಬಡಕೊಂಡೆ. ಕೋಣನ ಮುಂದೆ ಕಿನ್ನರಿ ಬಾರಿಸಿದ್ದೇ ಬಂತು.

ಮೈದಾನ ತೆರೆದ ವಾರವೇ ಒಬ್ಬೊಬ್ಬರದಾಗಿ ತೊಡೆಯ ಹಿಂದಿನ ಸ್ನಾಯು ಹರಿಯತೊಡಗಿತು. ತಿಂಗಳುಗಟ್ಟಲೆ ಪೂರ್ತಿ ಓಟವಿಲ್ಲದ ಸ್ನಾಯು ಹರಿಯುವುದು ಹೊಸದೇನಲ್ಲ. ಆದರೆ ಇವರು ಎದುರಿಗೆ ಯಾರೂ ಇಲ್ಲದಿದ್ದರೂ ಗಕ್ಕನೆ ನಿಲ್ಲುತ್ತಿದ್ದರು, ಆಮೇಲೆ ಬೀಳುತ್ತಿದ್ದರು. ನಾವು ಗುಡಾಣ ಎಂದು ಕರೆಯುವ ಡಿಫೆಂಡರ್ ಎರಡೂ ಅಂಗೈ ಮುಂದೆ ಚಾಚಿಕೊಂಡೇ ಬಿದ್ದ.

“ಗೋಡೆ ಬಂತು ಮೇಡಂ,” ಎಂದ, ನಾನು ಐಸ್ ಕಟ್ಟುವಾಗ. “ನಗಬೇಡಿ. ನಮ್ಮನೆ ಗೋಡೆನೇ. ಕ್ಯಾಲೆಂಡರ್ ಮೊಳೆ ಸಮೇತ.”

ನಾನು ನಗಲಿಲ್ಲ. ಅವನ ಕೋಣೆಯ ಉದ್ದ ಕೇಳಿಕೊಂಡು, ಅವನು ಓಟಕಿತ್ತ ಕಡೆಯಿಂದ ಹೆಜ್ಜೆ ಹಾಕುತ್ತಾ ಬಂದೆ. ಅಳತೆ ಮುಗಿದದ್ದು ಅವನು ಬಿದ್ದ ಜಾಗದಲ್ಲೇ.

ತಂಡದ ಸ್ಟ್ರೈಕರ್ ನನ್ನ ಸ್ವಂತ ತಮ್ಮ. ಅವನು ಓಡಿದ್ದು ನಮ್ಮ ಮನೆಯ ಪ್ಯಾಸೇಜಿನಲ್ಲಿ. ಅದರ ತುದಿಗೆ ಅಮ್ಮನ ಕೋಣೆ, ತಲೆ ತಗ್ಗಿಸಿಯೇ ಹೋಗಬೇಕಾದ ಗಿಡ್ಡ ಬಾಗಿಲು. ಅಮ್ಮ ಆಗ ಹಾಸಿಗೆ ಹಿಡಿದಿದ್ದಳು. ಎಚ್ಚರವಾದೀತೆಂದು ಇವನು ಪ್ರತಿ ಸಲ ಬಾಗಿಲ ಮುಂದೆ ತುದಿಗಾಲಲ್ಲಿ ನಿಂತು ತಿರುಗುತ್ತಿದ್ದ. ಕೆಮ್ಮು ಕೇಳಿದಾಗಲೆಲ್ಲ ನಾನೂ ಬಿಸಿನೀರು ಹಿಡಿದು ಅಲ್ಲೇ ಓಡುತ್ತಿದ್ದೆ. ಒಂದು ಬೆಳಿಗ್ಗೆ ಅಮ್ಮ ಏಳಲಿಲ್ಲ. ಅವತ್ತು ಹಾಕಿದ ಬಾಗಿಲನ್ನು ನಾವಿಬ್ಬರೂ ತೆಗೆದಿರಲಿಲ್ಲ.

“ನಾಳೆ ಆಡಬೇಡ ಕಣೋ,” ಎಂದೆ, ಮೊದಲ ಪಂದ್ಯದ ಹಿಂದಿನ ದಿನ. “ನಿನ್ನ ಕಾಲಿನ ಸ್ನಾಯು ಹಿಂದೊಮ್ಮೆ ಹರಿದಿದ್ದು. ಮತ್ತೆ ಹರಿದರೆ ಆಟವೇ ಮುಗೀತು.”

“ಆಡದೆ ಏನ್ ಮಾಡ್ಲಿ? ಮನೇಲಿ ಕೂತು ಆ ಬಾಗಿಲು ನೋಡ್ತಿರ್ಲಾ?”

ಸಿಟ್ಟು ನೆತ್ತಿಗೇರಿತು. “ಹಾಗಾದ್ರೆ ಹೋಗಿ ಅದನ್ನ ತೆಗಿ. ತೆಗೆದು ಒಳಗೆ ಓಡು,” ಎಂದು ಗದರಿ ಹೊರಟುಬಿಟ್ಟೆ. ಆ ಬಾಗಿಲ ಮುಂದೆ ಅವನ ಜೊತೆಗೆ ನಿಲ್ಲುವ ಧೈರ್ಯ ನನಗಿರಲಿಲ್ಲ.

ಪಂದ್ಯದಲ್ಲಿ ಚೆಂಡು ಅವನ ಮುಂದೆ ಬಿತ್ತು. ಓಟಕಿತ್ತ. ಪ್ಯಾಸೇಜಿನಷ್ಟು ದೂರ ಹೋದದ್ದೇ ಅವನ ಹಿಮ್ಮಡಿ ಮೇಲೆದ್ದು ತುದಿಗಾಲಾಯಿತು. ಮರುಗಳಿಗೆ ಅವನು ತಲೆ ತಗ್ಗಿಸಿ, ಏನನ್ನೋ ದಾಟಿ, ಮುಂದೆ ಓಡಿದ. ಗೋಲಾಯಿತೋ ಇಲ್ಲವೋ ನಾನು ನೋಡಲಿಲ್ಲ. ಕಾಲು ನೆಟ್ಟಗಿತ್ತು, ಅಷ್ಟು ಸಾಕಿತ್ತು.

ಸ್ವಲ್ಪ ಹೊತ್ತಿಗೆ ಆಚೆ ತುದಿಯಲ್ಲಿ ನಮ್ಮ ಗೋಲ್‌ಕೀಪರ್ ಕುಸಿದ. ಚೀಲ ಹಿಡಿದು ಓಡಿದೆ. ಅರ್ಧ ದಾರಿಯಲ್ಲಿ ನನ್ನ ಕಾಲು ತಾನಾಗಿ ನಿಂತಿತು. ಮೀನಖಂಡ ಕಲ್ಲಾಯಿತು. ಎದುರಿಗೆ ಬರೀ ಹುಲ್ಲು. ಹುಲ್ಲಿನಾಚೆ ಅಮ್ಮ ಕೆಮ್ಮಿದಳು.

ತಮ್ಮ ಓಡಿಬಂದು ನನ್ನೆದುರು ನಿಂತ. ಅವನಿಗೆ ಏನೂ ಹೇಳಬೇಕಾಗಲಿಲ್ಲ.

“ಬಾರೇ ಅಕ್ಕ,” ಎಂದು ಕೈ ಚಾಚಿದ. “ಬಾಗಿಲು ನಿನ್ನೆನೇ ತೆಗೆದಿದ್ದೀನಿ. ಅಮ್ಮ ಇಲ್ಲ ಒಳಗೆ. ಹಾಸಿಗೆ ಖಾಲಿ.”

ಅವನ ಕೈ ಹಿಡಿದುಕೊಂಡೆ. ಅಷ್ಟೂ ಜನರ ಮುಂದೆ, ತಲೆ ತಗ್ಗಿಸಿ, ಅಳುತ್ತಾ ಒಳಗೆ ಹೋದೆ.