ನೋಡಿದ್ರೇನಕ್ಕಾ?

ನರ್ಸಿಂಗ್ ಹೋಮಿನ ಗೋಡೆಯ ಮೇಲೆ ನಿಯಮ ದಪ್ಪ ಅಕ್ಷರದಲ್ಲಿತ್ತು: ಇನ್ಸುಲಿನ್ ಕೊಡುವಾಗ ಇಬ್ಬರು ನರ್ಸ್‌ಗಳಿರಬೇಕು, ಅವರಲ್ಲಿ ಒಬ್ಬಳು ಹಳಬಳಾಗಿರಬೇಕು. ಗೋಡೆ ಅದನ್ನು ನಿಷ್ಠೆಯಿಂದ ಹೊತ್ತು ನಿಂತಿತ್ತು. ಮನುಷ್ಯರಿಗೆ ಪುರುಸೊತ್ತಿರಲಿಲ್ಲ.

ಶಾಮನೂರಿನ ಆಶಾರಾಣಿ ಕೋರ್ಸು ಮುಗಿಸಿ ಎಸ್.ಎಸ್. ಬಡಾವಣೆಯ ಆ ನರ್ಸಿಂಗ್ ಹೋಮಿಗೆ ಸೇರಿದಾಗ, ಹಿರಿಯ ನರ್ಸ್ ಶಾಂತಕುಮಾರಿ ಮೊದಲ ದಿನವೇ ಅಲ್ಲಿನ ಪದ್ಧತಿ ಕಲಿಸಿದಳು. ಔಷಧಿ ಎಳೆದವಳು ಸಿರಿಂಜು, ಬಾಟಲಿ ಎರಡನ್ನೂ ಎತ್ತಿ ಹಿಡಿದು "ನೋಡಿದ್ರೇನಕ್ಕಾ?" ಎಂದು ಕೇಳಬೇಕು. ಇನ್ನೊಬ್ಬಳು ಕಣ್ಣಿಟ್ಟು ನೋಡಿ "ನೋಡ್ದೆ, ಸರಿ ಐತೆ" ಎನ್ನಬೇಕು. ರೋಗಿಯ ಕಿವಿಗೆ ಬೀಳುವಷ್ಟು ಗಟ್ಟಿಯಾಗಿ. ಆಮೇಲೇ ಸೂಜಿ.

ಒಳ್ಳೆಯ ಪದ್ಧತಿ. ಆದರೆ ಡಾಕ್ಟರ್ ಬಸವಕಿರಣ್ ಹರಿಹರದಲ್ಲಿ ಇನ್ನೊಂದು ಕ್ಲಿನಿಕ್ ತೆರೆದರು. ಅಲ್ಲಿಗೆ ಬೇರೆ ನರ್ಸ್ ಇಡುವ ಮನಸ್ಸು ಅವರಿಗಿರಲಿಲ್ಲ. ದಿನಾ ಮಧ್ಯಾಹ್ನ ಊಟದ ಹೊತ್ತಿಗಿಂತ ಮೊದಲೇ ಶಾಂತಕುಮಾರಿಯನ್ನು ಕಾರಿನಲ್ಲಿ ಕರೆದುಕೊಂಡು ಹೊರಡುತ್ತಿದ್ದರು. ವಾರ್ಡಿನಲ್ಲಿ ಉಳಿಯುತ್ತಿದ್ದವಳು ಆಶಾರಾಣಿ ಒಬ್ಬಳೇ.

"ಅಕ್ಕಾ, ಊಟಕ್ಕೆ ಮುಂಚಿನ ಇನ್ಸುಲಿನ್ನು? ನೋಡೋರು ಯಾರು?"

"ನೀನೇ ಕೇಳು, ನೀನೇ ಹೇಳು. ಇಷ್ಟು ಓದೀಯ, ಎರಡು ಮಾತಾಡಾಕ ಬರಲ್ಲೇನು? ಪರದೆ ಎಳಕೊಂಡ್ರೆ ಯಾರಿಗೇನು ಗೊತ್ತಾಗ್ತೈತೆ?" ಹೊರಗೆ ಕಾರಿನ ಹಾರ್ನ್ ಕೇಳಿಸಿತು. ಶಾಂತಕುಮಾರಿ ನಗುತ್ತಾ ಓಡಿದಳು.

ಆಶಾರಾಣಿ ಪರದೆ ಎಳೆದುಕೊಂಡು, ರೋಗಿಯ ತಲೆಯ ಹಿಂದೆ ನಿಂತು, ತನ್ನ ದನಿಯಲ್ಲಿ ಕೇಳಿದಳು. ಗಂಟಲು ದಪ್ಪ ಮಾಡಿಕೊಂಡು ಶಾಂತಕ್ಕನ ದನಿಯಲ್ಲಿ ಉತ್ತರ ಕೊಟ್ಟಳು. ಮೊದಲ ದಿನ ನಾಚಿಕೆಯಾಯಿತು, ಆಮೇಲೆ ರೂಢಿಯಾಯಿತು. ಕೆಲಸ ಹೋದೀತೆಂಬ ಹೆದರಿಕೆಯಿಂದಷ್ಟೇ ಸುಮ್ಮನಿದ್ದಳು ಎಂದರೆ ಸುಳ್ಳು. ಸೇರಿದ ಕೆಲವೇ ವಾರಕ್ಕೆ ಇಡೀ ವಾರ್ಡು ತನ್ನ ಕೈಯಲ್ಲಿದೆ ಎಂಬ ಹೆಮ್ಮೆಯೂ ಅವಳಿಗಿತ್ತು.

ಕಿಟಕಿ ಪಕ್ಕದ ಹಾಸಿಗೆಗೆ ನಾಗಕ್ಕ ಬಂದದ್ದು ಆ ದಿನಗಳಲ್ಲೇ. ಮಲೆಬೆನ್ನೂರು ಕಡೆಯ ಮುದುಕಿ, ಭತ್ತದ ಗದ್ದೆಯಲ್ಲಿ ನಾಟಿ ಮಾಡಿ ಸವೆದ ಕಾಲು, ಕಾಲಿಗೆ ಹುಣ್ಣು, ಮೈಯಲ್ಲಿ ಸಕ್ಕರೆ. ಹರಿಹರದಲ್ಲಿ ಆಟೋ ಓಡಿಸುವ ಮಗ ಹನುಮೇಶ್ ತಂದು ಸೇರಿಸಿದ್ದ.

"ಯವ್ವಾ, ಆ ದಪ್ಪ ದನಿ ಅಕ್ಕಾರು ಮಧ್ಯಾಹ್ನ ಎಲ್ಲಿರ್ತಾರೆ? ಸೂಜಿ ಹೊತ್ತಿಗೆ ದಿನಾ ಮಾತು ಕೇಳ್ತೀನಿ, ಮಖ ಕಾಣಲ್ಲ" ಎಂದಳು ನಾಗಕ್ಕ ಒಂದು ದಿನ.

"ನಿನ್ನ ತಲೆ ಹಿಂದೆನೇ ನಿಂತಿರ್ತಾರಜ್ಜಿ. ನೀನು ತಿರುಗಿ ನೋಡಲ್ಲ."

"ಹೌದೇನು! ನಾನೇ ಕುರುಡಿ" ಎಂದು ಮುದುಕಿ ಬೊಚ್ಚು ಬಾಯಿ ಬಿಟ್ಟು ನಕ್ಕಳು. ಆಶಾರಾಣಿಯೂ ನಕ್ಕಳು.

ಇನ್ಸುಲಿನ್‌ನಲ್ಲಿ ಎರಡು ಬಗೆ, ಒಂದು ತೆಳು, ಒಂದು ಗಟ್ಟಿ. ತೆಳುವಿಗೆ ಕೆಂಪು ಮುಚ್ಚಳದ ಸಿರಿಂಜು, ಗಟ್ಟಿಗೆ ಕಿತ್ತಳೆ ಮುಚ್ಚಳದ್ದು. ಗಟ್ಟಿಯದನ್ನು ಕೆಂಪು ಮುಚ್ಚಳದ್ದರಲ್ಲಿ ಎಳೆದರೆ, ಅಳತೆಯ ಗೆರೆ ಸರಿಯಾಗಿದ್ದರೂ ಮೈಗೆ ಎರಡೂವರೆ ಪಟ್ಟು ಹೋಗುತ್ತದೆ. ಇದನ್ನು ಆಶಾರಾಣಿ ಪರೀಕ್ಷೆಯಲ್ಲಿ ಬರೆದು ಮಾರ್ಕು ತೆಗೆದುಕೊಂಡಿದ್ದಳು. ಹಳೆಯ ಬಾಟಲಿ ಮುಗಿದಾಗ ಹನುಮೇಶ್ ಮೆಡಿಕಲ್ ಶಾಪಿನಿಂದ ಹೊಸದು ತಂದುಕೊಟ್ಟ. ಅದು ಗಟ್ಟಿಯದು. ಟ್ರೇಯಲ್ಲಿದ್ದದ್ದು ದಿನಾ ಬಳಸುವ ಕೆಂಪು ಮುಚ್ಚಳದ ಸಿರಿಂಜು. ಅವಳು ಗೆರೆ ನೋಡಿದಳು, ಬಾಟಲಿ ನೋಡಲಿಲ್ಲ.

"ನೋಡಿದ್ರೇನಕ್ಕಾ?"

"ನೋಡ್ದೆ, ಸರಿ ಐತೆ."

ಚುಚ್ಚಿದಳು.

ಆ ದಿನ ಮನೆಯ ಬುತ್ತಿಯೂ ತಡವಾಗಿ ಬಂತು. ನಾಗಕ್ಕ ಬೆವರಿದಳು, ಏನೋ ತೊದಲಿದಳು, ಮಲಗಿದಳು. ಬಿಸಿಲಿನ ಧಗೆ, ಪಾಪ ನಿದ್ದೆ ಮಾಡಲಿ ಎಂದು ಆಶಾರಾಣಿ ಫ್ಯಾನು ಜೋರು ಮಾಡಿ ಬಂದಳು. ನಿಜವಾಗಿ ಅವಳಿಗೆ ಒಮ್ಮೆ ಅನುಮಾನ ಬಂದಿತ್ತು. ಫೋನ್ ಮಾಡಿದರೆ ಶಾಂತಕ್ಕ ಬೈಯುತ್ತಾಳೆ ಎಂದು ಮಾಡಲಿಲ್ಲ. ಶಾಂತಕುಮಾರಿ ಹರಿಹರದಿಂದ ಬಂದವಳೇ ಮುದುಕಿಯ ಹಣೆ ಮುಟ್ಟಿ ಕಿರುಚಿದಳು. ಗ್ಲೂಕೋಸ್ ಏರಿಸಿದರು. ನಾಗಕ್ಕ ಕಣ್ಣು ಬಿಟ್ಟಳು. ಆದರೆ ಆ ಕಣ್ಣಿನ ಹಿಂದೆ ನಾಗಕ್ಕ ಇರಲಿಲ್ಲ.

ಟ್ರೇಯಲ್ಲಿದ್ದ ಕೆಂಪು ಮುಚ್ಚಳವನ್ನು ಶಾಂತಕುಮಾರಿ ಎತ್ತಿ ನೋಡಿದಳು, ಬಾಟಲಿ ನೋಡಿದಳು, ಮುಚ್ಚಳವನ್ನು ಕಸದ ಡಬ್ಬಿಗೆ ಎಸೆದಳು. ಬೈಯಲಿಲ್ಲ. ಬೈದಿದ್ದರೆ ಆಶಾರಾಣಿಗೆ ಅಷ್ಟು ಭಯವಾಗುತ್ತಿರಲಿಲ್ಲ.

"ವಯಸ್ಸಾಗಿದೆ, ಮೆದುಳಿಗೆ ಪೆಟ್ಟು ಬಿದ್ದಿದೆ" ಎಂದು ಡಾಕ್ಟರು ಹನುಮೇಶನಿಗೆ ಹೇಳಿ ಮನೆಗೆ ಕಳಿಸಿದರು. ಹೋಗುವಾಗ ಅವನು ಆಶಾರಾಣಿಗೆ ಕೈ ಮುಗಿದ. "ನಮ್ಮವ್ವನ್ನ ಮಗಳಂಗೆ ನೋಡ್ಕೊಂಡ್ರಿ, ಸಿಸ್ಟರ್."

ಅಂದಿನಿಂದ ಎರಡನೇ ದನಿ ಅವಳ ಮಾತು ಕೇಳುವುದನ್ನು ಬಿಟ್ಟಿತು. ಕರೆಯದೆ ಬರತೊಡಗಿತು. ಮನೆಯಲ್ಲಿ ಅವ್ವ "ಒಲೆ ಆರ್ಸಿದೇನೇ?" ಎಂದರೆ ಅವಳ ಗಂಟಲಿನಿಂದ ದಪ್ಪಗೆ "ನೋಡ್ದೆ, ಸರಿ ಐತೆ" ಎಂದು ಹೊರಡುತ್ತಿತ್ತು. ಅವ್ವ ಸೌಟು ಹಿಡಿದು ತಿರುಗಿ ನೋಡುತ್ತಿದ್ದಳು. ಒಲೆ ಉರಿಯುತ್ತಲೇ ಇರುತ್ತಿತ್ತು. ವಾರ್ಡಿನಲ್ಲಿ ಪರದೆ ಎಳೆದರೆ ಬೆನ್ನ ಹಿಂದೆ ಯಾರೋ ನಿಂತ ಹಾಗೆ. ನಿನ್ನ ತಲೆ ಹಿಂದೆನೇ ನಿಂತಿರ್ತಾರೆ ಎಂದು ಹೇಳಿದವಳು ತಾನೇ. ತಿರುಗಿ ನೋಡುವ ಧೈರ್ಯ ಅವಳಿಗಾಗಲಿಲ್ಲ.

ಒಂದು ಬೆಳಿಗ್ಗೆ ಹನುಮೇಶ್ ಬಂದ. ಸೊರಗಿದ್ದ.

"ಸಿಸ್ಟರ್, ಆ ಕಿಟಕಿ ಬೆಡ್ನಾಗೆ ಮೊದ್ಲು ಯಾರಾರ ತೀರ್ಕೊಂಡಿದ್ರಾ?" ಎಂದು ಶಾಂತಕುಮಾರಿಯನ್ನು ಕೇಳಿದ. "ಅವ್ವಗೆ ಇಲ್ಲಿದು ಗಾಳಿ ಹಿಡದೈತಂತೆ. ಬಾಯಾಗೆ ಇಬ್ಬರು ಮಾತಾಡ್ತಾರ್ರಿ. ಒಬ್ಬಾಕಿ ಸಣ್ಣ ದನಿ, ಒಬ್ಬಾಕಿ ದಪ್ಪ ದನಿ. ಏನೋ ನೋಡಿದ್ರಾ ಅಂತ ಇಕಿ ಕೇಳೋದು, ನೋಡ್ದೆ ಅಂತ ಆಕಿ ಅನ್ನೋದು. ಹಗಲೆಲ್ಲ ಅದೇ. ಗಾಳಿ ಬಿಡಿಸೋ ಚೌಡವ್ವ ಹೆಸ್ರು ಕೇಳ್ತಾಳೆ. ಹೆಸ್ರು ಹಿಡದು ಕರದ್ರೆ ಬಿಟ್ಟು ಹೋಗ್ತಾವಂತೆ."

ಆಶಾರಾಣಿ ಕೈಯಲ್ಲಿದ್ದ ಟ್ರೇಯನ್ನು ಮೇಜಿನ ಮೇಲಿಟ್ಟಳು.

ಶಾಂತಕುಮಾರಿ ಕಣ್ಣು ಮಿಟುಕಿಸಲಿಲ್ಲ. "ಇದ್ರು. ಅಕ್ಕ ತಂಗಿ. ಒಬ್ಬರ ಹಿಂದೆ ಒಬ್ಬರು ಹೋದ್ರು. ಹೆಸ್ರು ನೆನಪಿಲ್ಲಪ್ಪ."

ಹನುಮೇಶ್ ತಲೆಯಾಡಿಸಿ ಹೋದ.

"ಯಾವ ಅಕ್ಕ ತಂಗಿ, ಶಾಂತಕ್ಕಾ?"

"ಬಾಯಿ ಮುಚ್ಕೊಂಡಿರೇ. ನಿನ್ನ ಉಳ್ಸಾಕೇ ಹೇಳಿದ್ದು. ಯಾರಾದ್ರೂ ಕೇಳಿದ್ರೆ ನಾನೂ ಪಕ್ಕದಾಗಿದ್ದೆ, ಇಬ್ಬರೂ ನೋಡಿದ್ವಿ. ತಿಳೀತಾ? ಒಬ್ಳೇ ಇದ್ದೆ ಅಂದ್ರೆ ನಿನ್ನ ಸರ್ಟಿಫಿಕೇಟೂ ಹೋಗ್ತೈತೆ, ನಂದೂ ಹೋಗ್ತೈತೆ."

ಆ ಅಕ್ಕ ತಂಗಿ ಯಾರೆಂದು ಆಶಾರಾಣಿಗೆ ಗೊತ್ತಿತ್ತು. ಇಬ್ಬರೂ ಅಲ್ಲೇ, ಜೀವಂತ, ಬಿಳಿ ಬಟ್ಟೆಯಲ್ಲಿ ನಿಂತಿದ್ದರು.

ಮರುದಿನ ರಜೆ ಹಾಕಿ ಹರಿಹರದ ಬಸ್ಸು ಹತ್ತಿದಳು. ಏನು ಹೇಳಬೇಕೆಂದು ಗೊತ್ತಿರಲಿಲ್ಲ. ಬರೀ ನೋಡಿ ಬರುತ್ತೇನೆ ಎಂದುಕೊಂಡಿದ್ದಳು. ಆಟೋ ಸ್ಟ್ಯಾಂಡಿನಲ್ಲಿ ಕೇಳಿ ಮನೆ ಹುಡುಕಿದಳು. ಓಣಿಯ ಬಾಯಲ್ಲೇ ಮೆಣಸಿನಕಾಯಿ ಸುಟ್ಟ ಘಾಟು ಮೂಗಿಗೆ ಬಡಿಯಿತು. ಒಳಗೆ ನಾಗಕ್ಕನನ್ನು ಕಂಬಕ್ಕೆ ಒರಗಿಸಿ ಕೂರಿಸಿದ್ದರು. ಚೌಡವ್ವ ಒಂದು ಕೈಯಲ್ಲಿ ಬೇವಿನ ಸೊಪ್ಪು, ಒಂದು ಕೈಯಲ್ಲಿ ಪೊರಕೆ ಹಿಡಿದಿದ್ದಳು. ಮುದುಕಿಯ ತೋಳಿನ ಮೇಲೆ ಬಾಸುಂಡೆ ಎದ್ದಿದ್ದವು, ಕೆಲವು ಹಳೆಯವು, ಕೆಲವು ಆಗಿನವು. ಸೊಸೆ ಪುಟ್ಟಕ್ಕ ಅಳುತ್ತಾ ಅವಳ ಕೈ ಹಿಡಿದುಕೊಂಡಿದ್ದಳು.

"ಅಕ್ಕ ತಂಗೇರು ನೀವು, ಗೊತ್ತಾಗೈತೆ! ಹೇಳ್ರೇ ಹೆಸ್ರಾ!" ಪೊರಕೆ ಬಿತ್ತು.

ನಾಗಕ್ಕ ಎಲ್ಲಿಯೋ ನೋಡುತ್ತಾ ಬಾಯಿ ತೆರೆದಳು. ಬಂದದ್ದು ಆಶಾರಾಣಿಯ ದನಿ, ಅವಳ ರಾಗ, ಅವಳ ಅವಸರ. "ನೋಡಿದ್ರೇನಕ್ಕಾ?" ಮುದುಕಿಯ ಗಂಟಲು ದಪ್ಪವಾಯಿತು. "ನೋಡ್ದೆ, ಸರಿ ಐತೆ."

ಮತ್ತೆ ಪೊರಕೆ ಎದ್ದಿತು. ಆಶಾರಾಣಿ ಓಡಿ ಹೋಗಿ ನಡುವೆ ಬಿದ್ದಳು. ಏಟು ಅವಳ ಬೆನ್ನಿಗೆ ಬಿತ್ತು.

"ಹೊಡೀಬ್ಯಾಡ್ರಿ! ಯಾವ ಗಾಳಿನೂ ಇಲ್ಲ. ಅದು ನಾನು!"

"ಯಾರೇ ನೀನು?" ಎಂದಳು ಚೌಡವ್ವ.

"ನರ್ಸು. ಆ ಎರಡೂ ದನಿ ನಂದೇ. ಅಣ್ಣಾ, ಅಲ್ಲಿ ಇಬ್ಬರು ಇರ್ಬೇಕಿತ್ತು. ಶಾಂತಕ್ಕನ್ನ ಡಾಕ್ಟ್ರು ದಿನಾ ಇಲ್ಲಿ ಕ್ಲಿನಿಕ್ಕಿಗೆ ಕರ್ಕೊಂಡ್ ಬರ್ತಿದ್ರು. ಯಾರೂ ಇಲ್ಲ ಅಂತ ಗೊತ್ತಿದ್ದೂ ನಾನೇ ಕೇಳ್ಕೊಂಡೆ, ನಾನೇ ಹೇಳ್ಕೊಂಡೆ, ಚುಚ್ಚಿದೆ. ಸಿರಿಂಜು ಬ್ಯಾರೆ ಆಗಿತ್ತು. ಔಷಧಿ ಹೆಚ್ಚು ಹೋತು. ಅಜ್ಜಿಗೆ ಹಿಂಗಾಗಿದ್ದು ಅದಕ್ಕೆ. ಅಕ್ಕ ತಂಗಿ ಯಾರೂ ಸತ್ತಿಲ್ಲ."

ಹನುಮೇಶ್ ಚೌಡವ್ವನ ಕೈಯಿಂದ ಪೊರಕೆ ಕಿತ್ತುಕೊಂಡು ಆಶಾರಾಣಿಯ ಮೇಲೆತ್ತಿದ. ಅವಳು ಕದಲಲಿಲ್ಲ. ಪೊರಕೆ ಮೇಲೆಯೇ ನಿಂತಿತು. ಅವನ ಕಣ್ಣು ಅವ್ವನ ತೋಳಿನ ಬಾಸುಂಡೆಗಳ ಮೇಲೆ ಹೋಯಿತು.

"ಇಷ್ಟು ದಿನ ಅವ್ವನ್ನ ಹೊಡಸಿದ್ನಲ್ಲೇ..." ಎಂದ. ಪೊರಕೆ ಕೈಯಿಂದ ಜಾರಿತು. ಆಶಾರಾಣಿಯ ಮುಖ ನೋಡದೆ ಕೇಳಿದ: "ಈಗ ಇಲ್ಲೇ ಅದಾರೇನು ಅವ್ರು, ಕ್ಲಿನಿಕ್ನಾಗೆ?"

"ಇರ್ತಾರೆ. ಇದೇ ಹೊತ್ತು. ವಾರ್ಡ್ನಾಗೆ ಯಾರೂ ಇಲ್ಲದಿದ್ರೂ ಬರ್ತಾರೆ."

"ಆಟೋ ಹತ್ತು."

ಆಟೋದಲ್ಲಿ ಪುಟ್ಟಕ್ಕ ಅತ್ತೆಯನ್ನು ಮಗುವಿನ ಹಾಗೆ ತಬ್ಬಿಕೊಂಡು ಕೂತಳು. ಆಶಾರಾಣಿ ಪಕ್ಕದಲ್ಲಿ ಮುದುಡಿ ಕೂತಳು.

ಕ್ಲಿನಿಕ್ಕಿನಲ್ಲಿ ಬೆಂಚು ತುಂಬ ಜನ ಕೂತಿದ್ದರು. ಹನುಮೇಶ್ ಅವ್ವನನ್ನು ಎತ್ತಿಕೊಂಡೇ ಒಳಗೆ ನಡೆದ. ಗಲಾಟೆಗೆ ಡಾಕ್ಟರು ಬಾಗಿಲಿಗೆ ಬಂದರು. ಅವರ ಹಿಂದೆ ಶಾಂತಕುಮಾರಿ ಬಂದಳು. ಆಶಾರಾಣಿಯನ್ನು ಕಂಡು ಅವಳ ಮುಖ ಬಿಳಿಚಿತು.

"ಹೇಳಿಬಿಟ್ಟೆ, ಶಾಂತಕ್ಕಾ. ನಾನೊಬ್ಳೇ ಇದ್ದೆ ಅಂತ."

"ತಲೆ ಕೆಟ್ಟೈತೆ ಇದಕ್ಕೆ. ನಾನು ಪಕ್ಕದಾಗೇ..."

ಮಗನ ತೋಳಿನಲ್ಲಿದ್ದ ನಾಗಕ್ಕ ಆ ದನಿ ಬಂದ ಕಡೆ ಕತ್ತು ತಿರುಗಿಸಿದಳು. ಮಧ್ಯಾಹ್ನದ ಸೂಜಿಯ ಹೊತ್ತಿಗೆ ದಿನಾ ಕೇಳಿ, ಆಗ ಒಮ್ಮೆಯೂ ಮುಖ ಕಾಣದಿದ್ದ ದಪ್ಪ ದನಿ ಅದು.

"ನೋಡಿದ್ರೇನಕ್ಕಾ?" ಎಂದಳು ಮುದುಕಿ.

ಹೇಳಿ ಕಾದಳು. ಈ ಸಲ ಉತ್ತರವನ್ನು ಅವಳೇ ಹೇಳಲಿಲ್ಲ. ಆಶಾರಾಣಿಯ ಗಂಟಲಿಗೆ ಅದು ಏರಿ ಬಂತು. ಅವಳು ತುಟಿ ಕಚ್ಚಿ ಹಿಡಿದಳು. ಬೆಂಚಿನ ಮೇಲಿದ್ದವರೆಲ್ಲ ಶಾಂತಕುಮಾರಿಯ ಬಾಯನ್ನೇ ನೋಡುತ್ತಿದ್ದರು. ಅದು ತೆರೆಯಿತು, ಹಾಗೆಯೇ ಉಳಿಯಿತು. ಡಾಕ್ಟರು ನೆಲ ನೋಡಿದರು.

"ನೋಡಿದ್ರೇನಕ್ಕಾ?" ನಾಗಕ್ಕ ಇನ್ನೊಮ್ಮೆ ಕೇಳಿದಳು.