ಕೆಂಪು ಚುಕ್ಕೆಯ ನೀರು

ನಾನು ಒಂದು ಕೈಪಂಪು. ಉತ್ತರ ಕರ್ನಾಟಕದ ಕಡೆ ನನ್ನ ಜಾತಿಯವರನ್ನು ಬೋರಿಂಗ್ ಎನ್ನುತ್ತಾರೆ. ನೆರವು ಸಂಸ್ಥೆಯವರ ನಕ್ಷೆ ತೆರೆದರೆ ನಾನಿರುವ ಜಾಗದಲ್ಲಿ ಒಂದು ಕೆಂಪು ಚುಕ್ಕೆ ಕಾಣುತ್ತದೆ. ಕೆಂಪು ಎಂದರೆ ಕೆಟ್ಟುಹೋದದ್ದು, ನೀರು ಬಾರದ್ದು ಎಂದು ಅರ್ಥವಂತೆ. ಆ ಚುಕ್ಕೆ ನನಗೆ ಹೇಗೆ ಅಂಟಿತು, ಅದನ್ನು ಅಳಿಸಿಕೊಳ್ಳಲು ನಾನು ಯಾಕೆ ಒಪ್ಪುವುದಿಲ್ಲ ಎಂಬುದನ್ನು ಹೇಳುತ್ತೇನೆ. ಕೇಳಿ ಯಾರಿಗಾದರೂ ಸಿಟ್ಟು ಬಂದರೆ ಬರಲಿ.

ಹುಟ್ಟಿದ್ದು ಹುಬ್ಬಳ್ಳಿಯ ಒಂದು ಕಾರ್ಖಾನೆಯಲ್ಲಿ. ಉಕ್ಕಿನ ತಗಡು ಕತ್ತರಿಸಿದರು, ಬೆಸುಗೆ ಹಾಕಿದರು, ಕರಗಿದ ಸತುವಿನ ತೊಟ್ಟಿಯಲ್ಲಿ ಮುಳುಗಿಸಿ ಎತ್ತಿದರು. ಎದೆಯ ಮೇಲೆ ಹುಬ್ಬಳ್ಳಿಯ ಹೆಸರು ಅಚ್ಚೊತ್ತಿದರು. ಕೊನೆಗೆ ಫಕ್ಕೀರವ್ವ ಬಂದಳು. ಪ್ರತಿಯೊಂದು ಪಂಪಿನ ಹಿಡಿಕೆಯನ್ನೂ ಎತ್ತಿ ಇಳಿಸಿ ನೋಡುವುದು ಅವಳ ಕೆಲಸ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು, ಜೋರಾಗಿಯೇ ಹೊಡೆದಳು.

"ಹೊಡಸ್ಕೊಳ್ಳಾಕ ಹುಟ್ಟೀಯೋ ತಮ್ಮಾ," ಎಂದಳು. "ಸುಮ್ಮ ಕುಂತ್ಯಂದ್ರ ತುಕ್ಕ ಹಿಡೀತಿ, ನೆಪ್ಪಿಟ್ಕೋ."

ನೆನಪಿಟ್ಟುಕೊಂಡೆ. ಆಮೇಲೆ ನನ್ನನ್ನು ನೋಡಲು ಬಂದ ಓದಿದವರಲ್ಲಿ ಯಾರೂ ಇಷ್ಟು ನೇರವಾದ ಮಾತನ್ನು ನನಗೆ ಹೇಳಲಿಲ್ಲ.

ಹಡಗಿನಲ್ಲಿ ಸಮುದ್ರ ದಾಟಿದೆ, ಲಾರಿಯಲ್ಲಿ ಕೆಂಪು ಮಣ್ಣಿನ ದಾರಿ ಸವೆಸಿದೆ. ಕೊನೆಗೆ ದಕ್ಷಿಣ ಸುಡಾನ್ ಎಂಬ ದೇಶದಲ್ಲಿ, ಹೊಳೆಯ ಹತ್ತಿರದ ಒಂದು ಹಳ್ಳಿಯಲ್ಲಿ, ಮಾವಿನ ಮರದ ಪಕ್ಕ ನನ್ನನ್ನು ನೆಟ್ಟರು. ಅಲ್ಲಿ ಯುದ್ಧ ಮುಗಿದಿದೆ ಎಂದು ಹೇಳುತ್ತಿದ್ದರು. ಹೇಳುವವರ ದನಿಯಲ್ಲೇ ನಂಬಿಕೆ ಇರಲಿಲ್ಲ. ಊರಿನ ಜನ ಜೋಳ ಬೆಳೆಯುತ್ತಿದ್ದರು, ಜೋಳದ ಹಿಟ್ಟು ತೊಳಸಿ ಮುದ್ದೆಯಂಥದ್ದನ್ನು ಮಾಡಿ ಉಣ್ಣುತ್ತಿದ್ದರು. ಅವರ ಭಾಷೆ ನಿನಗೆ ಹೇಗೆ ತಿಳಿಯಿತು ಎಂದು ಕೇಳಬೇಡಿ. ಹಿಡಿಕೆ ಹಿಡಿದವರ ಮಾತೆಲ್ಲ ನನಗೆ ತಿಳಿಯುತ್ತದೆ.

ಮೊದಲ ನೀರು ಬಂದ ದಿನ ಹೆಂಗಸರು ಹಾಡಿದರು. ಅದುವರೆಗೆ ಅವರು ಹೊಳೆಗೆ ಹೋಗುತ್ತಿದ್ದರು. ಹೊಳೆಯಲ್ಲಿ ದನ ಇಳಿಯುತ್ತವೆ, ಮೇಲಿನ ಊರುಗಳ ಕೊಳೆಯೆಲ್ಲ ಅದಕ್ಕೇ ಸೇರುತ್ತದೆ, ದಾರಿಯಲ್ಲಿ ಬಂದೂಕಿನ ಹುಡುಗರು ತಡೆದು ನಿಲ್ಲಿಸುತ್ತಾರೆ. ಹಾಡಿದವರಲ್ಲಿ ಪೋನಿ ಎಂಬ ಎತ್ತರದ ಹೆಂಗಸಿನ ದನಿಯೇ ದೊಡ್ಡದು. ಬೆನ್ನಿಗೆ ಮಗಳು ಕಿಡೆನ್‌ಳನ್ನು ಕಟ್ಟಿಕೊಂಡೇ ಅವಳು ಹಿಡಿಕೆ ಹೊಡೆಯುತ್ತಿದ್ದಳು. ಮಗು ಮೇಲೆ ಕೆಳಗೆ ಕುಲುಕಿ ನಿದ್ದೆ ಹೋಗುತ್ತಿತ್ತು.

ಆಮೇಲೆ ಯೋಜನೆ ಬಂತು.

ಪಟ್ಟಣದ ಕಚೇರಿಯಿಂದ ಬಂದವರು ಮಾವಿನ ಮರದ ನೆರಳಲ್ಲಿ ಕುಳಿತು ಊರಿನವರಿಗೆ ವಿವರಿಸಿದರು. ಮುಂದಿನ ವರ್ಷ ಪರಿಶೀಲನೆಗೆ ಬರುತ್ತೇವೆ. ಅಂದು ಪಂಪು ಚೆನ್ನಾಗಿ ನಡೆಯುತ್ತಿದ್ದರೆ ನಕ್ಷೆಯಲ್ಲಿ ಹಸಿರು ಚುಕ್ಕೆ. ಹಸಿರು ಬಂದ ಊರಿಗೆ ಎರಡನೆಯ ಪಂಪು. ಕೆಟ್ಟು ನಿಂತಿದ್ದರೆ ಕೆಂಪು. ಕೆಂಪು ಊರಿಗೆ ಏನೂ ಇಲ್ಲ, ಮತ್ತೆ ಪರಿಶೀಲನೆಯೂ ಇಲ್ಲ, ಯಾಕೆಂದರೆ ಆ ಊರಿಗೆ ಜವಾಬ್ದಾರಿ ಇಲ್ಲ ಎಂದಾಯಿತು. ಮಾತು ಕೇಳಲು ನ್ಯಾಯವಾಗಿಯೇ ಇತ್ತು. ಎಲ್ಲರೂ ತಲೆಯಾಡಿಸಿದರು.

ಊರಿನ ಹಿರಿಯ ವಾನಿ ಮಾತ್ರ ಆ ರಾತ್ರಿ ನಿದ್ದೆ ಮಾಡಲಿಲ್ಲ ಎಂದು ಕಾಣುತ್ತದೆ. ಅವನು ಕೆಟ್ಟವನಲ್ಲ. ಹೊಳೆಯಾಚೆಯ ಕೆಳಕೇರಿಯಲ್ಲಿ ಅವನ ತಂಗಿಯ ಮನೆಯಿತ್ತು. ಎರಡನೆಯ ಪಂಪು ಆ ಕೇರಿಗೆ ಹೋಗಬೇಕಿತ್ತು. ಅವನು ಯೋಚಿಸಿದ್ದು ಇಷ್ಟೇ: ಬಳಸಿದರೆ ಸವೆಯುತ್ತದೆ, ಸವೆದರೆ ಕೆಡುತ್ತದೆ, ಬಳಸದಿದ್ದರೆ ಕೆಡುವುದೇ ಇಲ್ಲ. ಪರಿಶೀಲನೆಗೆ ಕೆಲವು ತಿಂಗಳು ಇರುವಾಗ ಅವನು ಒಂದು ಸರಪಳಿ ತಂದು ನನ್ನ ಹಿಡಿಕೆಯನ್ನು ಕಾಲಿಗೆ ಬಿಗಿದು ಬೀಗ ಜಡಿದ. ಮೈಗೆ ನೀಲಿ ಬಣ್ಣ ಹೊಡೆಸಿದ. ಸುತ್ತ ಮುಳ್ಳಿನ ಬೇಲಿ ಹಾಕಿಸಿದ. ಮೇಲಿನ ಹಳ್ಳಿಯವರೂ ತಮ್ಮ ಪಂಪಿಗೆ ಹೀಗೇ ಮಾಡಿದ್ದಾರೆ ಎಂದು ಸುದ್ದಿ ಬಂದಾಗ ತನ್ನ ಬುದ್ಧಿಗೆ ತಾನೇ ಮೆಚ್ಚಿದ.

ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಎನ್ನುತ್ತಾರಲ್ಲ, ಹಾಗಾಯಿತು ನನ್ನ ಬಾಳು. ಹೆಂಗಸರು ಹಳದಿ ಕ್ಯಾನು ಹೊತ್ತು ನನ್ನ ಮುಂದೆಯೇ ಹೊಳೆಗೆ ನಡೆದರು. ಅವರು ತಿರುಗಿ ನೋಡುವಾಗ ನನಗೆ ನಾಚಿಕೆಯಾಗುತ್ತಿತ್ತು. ನಾಚಿಕೆಗಿಂತ ಹೆಚ್ಚಾಗಿ ಕೋಪ ಬರುತ್ತಿತ್ತು. ನನ್ನ ಕೆಳಗೆ ತಣ್ಣನೆಯ ನೀರು ತುಂಬಿತ್ತು, ಕೊಡಲು ನಾನು ತಯಾರಿದ್ದೆ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯ ಅರ್ಥ ನನಗೆ ಅಲ್ಲಿ ತಿಳಿಯಿತು. ಕೊಳವೆಗಳ ಒಳಗೆ ತುಕ್ಕು ಮೆಲ್ಲಗೆ ಪುಡಿಯಾಗಿ ಕೂರುತ್ತಿತ್ತು. ಫಕ್ಕೀರವ್ವನ ಮಾತು ನಿಜವಾಗುತ್ತಿತ್ತು.

ಮಳೆಗಾಲದಲ್ಲಿ ಹೊಳೆಯೂರುಗಳಿಗೆ ಕಾಲರಾ ಬಂತು. ಕಿಡೆನ್ ವಾಂತಿ ಭೇದಿಯಲ್ಲಿ ಬಿದ್ದಳು. ಆರೋಗ್ಯ ಕೇಂದ್ರದವರು ಉಪ್ಪು ಸಕ್ಕರೆಯ ಪುಡಿಯ ಪೊಟ್ಟಣಗಳನ್ನು ಕೊಟ್ಟು, ಶುದ್ಧ ನೀರಲ್ಲಿ ಕಲಸಿ ಕುಡಿಸು ಎಂದು ಕಳುಹಿಸಿದರು. ಆ ಪುಡಿಯೂ ನೆರವಿನದೇ, ನಾನೂ ನೆರವಿನವನೇ. ಇಬ್ಬರ ನಡುವೆ ಒಂದು ಬೀಗ. ಪೋನಿ ಮಗಳನ್ನು ಎದೆಗೆ ಒತ್ತಿಕೊಂಡು ವಾನಿಯ ಮನೆ ಮುಂದೆ ನಿಂತಳು. ಅವನ ಮನೆ ನನ್ನ ಎದುರಿಗೇ ಇದ್ದುದರಿಂದ ಎಲ್ಲ ಕೇಳಿಸಿತು.

"ಬಾಬಾ, ಕೀಲಿ ಕೊಡಿ. ಒಂದು ಕ್ಯಾನು ನೀರು ಸಾಕು."

"ಮಗಳೇ, ಇನ್ನೇನು ಪರಿಶೀಲನೆಯವರು ಬರ್ತಾರೆ. ನಿನಗೆ ತೆಗೆದರೆ ಎಲ್ಲರಿಗೂ ತೆಗೀಬೇಕು. ಪಂಪು ಕೆಟ್ಟರೆ ಕೆಳಕೇರಿಗೆ ಯಾರು ಕೊಡ್ತಾರೆ? ಅಲ್ಲಿರೋ ಮಕ್ಕಳೂ ಮಕ್ಕಳೇ ಅಲ್ವಾ?"

"ಪುಡಿ ಕೈಯಲ್ಲಿದೆ ಬಾಬಾ. ಹೊಳೆ ನೀರಲ್ಲೇ ಕಲಸಲಾ? ಯಾವ ನೀರಿಂದ ಹೀಗಾಯ್ತೋ ಅದೇ ನೀರಲ್ಲಿ?"

ವಾನಿ ತಲೆ ತಗ್ಗಿಸಿದ. ಕೀಲಿ ಮಾತ್ರ ಕೊಡಲಿಲ್ಲ.

ಪೋನಿ ಮಗಳನ್ನು ಪಕ್ಕದ ಮನೆಯವಳ ತೊಡೆಯ ಮೇಲೆ ಮಲಗಿಸಿದಳು. ಆ ಮನೆಯೊಳಗೆ ಹೋಗಿ ಜೋಳ ಅರೆಯುವ ಗುಂಡುಕಲ್ಲು ಎತ್ತಿಕೊಂಡು ಬಂದಳು. ಮುಳ್ಳಿನ ಬೇಲಿಯನ್ನು ಕಾಲಿನಿಂದ ಒದ್ದು ಸರಿಸಿ, ಹಾಡುಹಗಲೇ, ಊರೆಲ್ಲ ನೋಡುತ್ತಿರುವಾಗ ಬೀಗಕ್ಕೆ ಹೊಡೆದಳು. ಒಂದು ಏಟು ತಪ್ಪಿ ನನ್ನ ಎದೆಗೆ ಬಿತ್ತು. ಹುಬ್ಬಳ್ಳಿಯ ಹೆಸರು ಅಚ್ಚಾದ ಜಾಗದಲ್ಲಿ ಆ ಗುಳಿ ಇವತ್ತಿಗೂ ಇದೆ. ಹೊಡಿ ತಾಯಿ, ಇನ್ನೂ ಹೊಡಿ ಎಂದು ನನ್ನ ಮೈಯೆಲ್ಲ ಕೂಗಿತು. ಬೀಗ ಒಡೆಯಿತು.

ಮೊದಲು ಬಂದದ್ದು ತುಕ್ಕಿನ ಕೆಂಪು ನೀರು. ಪೋನಿ ನಿಲ್ಲಿಸಲಿಲ್ಲ. ನೀರು ತಿಳಿಯಾಗುವವರೆಗೆ ಹೊಡೆದಳು, ಕ್ಯಾನು ತುಂಬಿದಳು, ಹೋಗಿ ಪುಡಿ ಕಲಸಿ ಚಮಚೆ ಚಮಚೆಯಾಗಿ ಮಗಳ ಬಾಯಿಗೆ ಬಿಟ್ಟಳು. ಅವಳು ಆಚೆ ಸರಿದ ಕೂಡಲೇ ಇನ್ನೊಬ್ಬಳು ಹಿಡಿಕೆ ಹಿಡಿದಳು, ಅವಳ ಹಿಂದೆ ಮತ್ತೊಬ್ಬಳು. ಹೊಳೆಯಾಚೆಯಿಂದಲೂ ಬಂದರು. ವಾನಿ ಹೊಸಿಲ ಮೇಲೆ ಕುಳಿತು ನೋಡಿದ. ತಡೆಯಲು ಎದ್ದು ಬರಲಿಲ್ಲ. ತಂಗಿ ಕ್ಯಾನು ಹಿಡಿದು ಸಾಲಿನಲ್ಲಿ ನಿಂತದ್ದನ್ನು ಕಂಡಾಗ ಎದ್ದು ಹೋಗಿ ಅವಳ ಕ್ಯಾನನ್ನು ತಾನೇ ತುಂಬಿಕೊಟ್ಟ.

ಕಿಡೆನ್ ಉಳಿದಳು. ಊರೂ ಉಳಿಯಿತು. ನಾನು ಹಗಲಿಡೀ ದುಡಿದೆ. ಆದರೆ ಕಟ್ಟಿಹಾಕಿದ್ದ ದಿನಗಳಲ್ಲಿ ಕೂಡಿಕೊಂಡ ತುಕ್ಕಿನ ಪುಡಿ ಒಳಗೆ ನೀರನ್ನು ಮೇಲೆಳೆಯುವ ಚರ್ಮದ ವಾಷರನ್ನು ತಿಂದುಹಾಕಿತು. ಪರಿಶೀಲನೆಯ ಹಿಂದಿನ ದಿನ ಸಂಜೆ ಹಿಡಿಕೆ ಸುಮ್ಮನೆ ಗಾಳಿಯಲ್ಲಿ ಆಡತೊಡಗಿತು. ನೀರು ಬರಲಿಲ್ಲ.

ಮರುದಿನ ಪರಿಶೀಲನೆಗೆ ಬಂದವಳು ನೀಲಗಂಗಾ. ಕುಷ್ಟಗಿ ಕಡೆಯ ಎಂಜಿನಿಯರು, ಬಿಸಿಲಿಗೆ ತಲೆಗೆ ಟವೆಲ್ ಸುತ್ತಿದ್ದಳು. ನನ್ನ ಎದೆಯ ಹೆಸರು ಓದಿ ನಕ್ಕಳು.

"ಏನಪಾ, ಹುಬ್ಬಳ್ಳಿಯಾಂವ ಇಲ್ಲೇನ್ ಮಾಡಾಕತ್ತಿ?"

ಹಿಡಿಕೆ ಹೊಡೆದಳು. ಅವಳ ನಗು ನಿಂತಿತು. ಸುತ್ತ ನೋಡಿದಳು. ನನ್ನ ಬುಡದ ಕೆಸರಿನಲ್ಲಿ ನೂರಾರು ಹೆಜ್ಜೆ ಗುರುತುಗಳು, ಹೊಳಪು ಬಂದ ಹಿಡಿಕೆ, ಒಡೆದ ಬೀಗ. ಪೋನಿ ಬಂದು ನಡೆದದ್ದನ್ನೆಲ್ಲ ಒಂದನ್ನೂ ಮುಚ್ಚದೆ ಹೇಳಿದಳು. ಕೊನೆಗೆ, "ಬೀಗ ಒಡೆದವಳು ನಾನೇ. ಬರೆದುಕೋ," ಎಂದಳು.

ನೀಲಗಂಗಾ ಬೆಳಿಗ್ಗೆ ಮೇಲಿನ ಹಳ್ಳಿಗೆ ಹೋಗಿ ಬಂದಿದ್ದಳು. ಅಲ್ಲಿ ಬೀಗ ತೆಗೆದು ಹೊಡೆದಾಗ ಕೆಂಪು ನೀರು ಬಂದಿತ್ತು, ಕಟ್ಟೆಯ ಮೇಲೆ ಹುಲ್ಲು ಬೆಳೆದಿತ್ತು. ಆದರೂ ನೀರು ಬಂತಲ್ಲ, ಹಸಿರು. ಅವಳು ಪಟ್ಟಣದ ಕಚೇರಿಗೆ ಫೋನ್ ಮಾಡಿದಳು. ಇಲ್ಲಿ ಪಂಪು ಸವೆದಿರುವುದು ದುಡಿದು, ಇದನ್ನು ಕೆಂಪು ಮಾಡುವುದು ಅನ್ಯಾಯ ಎಂದಳು. ಆ ಕಡೆಯಿಂದ ಬಂದ ಉತ್ತರ ಚಿಕ್ಕದಾಗಿತ್ತು. ಪರಿಶೀಲನೆಗೆ ಹೋದ ದಿನ ಪಂಪು ಹೇಗಿತ್ತೋ ಹಾಗೇ ಗುರುತು ಮಾಡಬೇಕು, ಒಂದು ಊರಿಗೆ ಬಿಟ್ಟುಕೊಟ್ಟರೆ ಎಲ್ಲ ಊರೂ ಕಥೆ ಹೇಳುತ್ತವೆ. ಅವಳು ಬಹಳ ಹೊತ್ತು ವಾದಿಸಿದಳು. ಆಮೇಲೆ ನಕ್ಷೆಯಲ್ಲಿ ಕೆಂಪು ಚುಕ್ಕೆ ಒತ್ತಿದಳು.

ಅವಳ ಮೇಲೆ ನನಗೆ ಸಿಟ್ಟು ಬಂತು. ಅರ್ಧ ಸಿಟ್ಟು ಇನ್ನೂ ಇದೆ. ನಮ್ಮ ಕಡೆಯವಳಾಗಿ ಹೀಗೆ ಮಾಡಿದಳಲ್ಲ ಎಂದು. ಉಳಿದರ್ಧ ಹೋದದ್ದು ಯಾಕೆಂದರೆ, ಒತ್ತಿದ ಮೇಲೆ ಅವಳು ಗಾಡಿ ಹತ್ತಲಿಲ್ಲ. ಗಾಡಿಯಿಂದ ಬೋಲ್ಟು ಬಿಚ್ಚುವ ಪಾನಾ, ಹಗ್ಗ, ಹೊಸ ವಾಷರ್ ಇಳಿಸಿದಳು.

"ನಮ್ಮೂರಾಗ ಬೋರಿಂಗ್ ಕೆಟ್ಟಾಗ ಯಾರೂ ಊರಿಗೆ ಕೆಂಪ್ ಬಣ್ಣಾ ಹಚ್ಚಲಿಲ್ಲ," ಎಂದು ತನ್ನಷ್ಟಕ್ಕೇ ಗೊಣಗಿದಳು. "ರಿಪೇರಿ ಮಾಡವ್ರನ್ನ ಕರೀರಿ ಅಂದ್ರು."

ಹೆಂಗಸರೆಲ್ಲ ಸೇರಿ ಹಗ್ಗ ಎಳೆದರು. ನನ್ನ ಕೊಳವೆಗಳನ್ನು ಒಂದೊಂದಾಗಿ ನೆಲದಿಂದ ಎತ್ತಿ ಮಾವಿನ ಮರಕ್ಕೆ ಒರಗಿಸಿದರು. ನೀಲಗಂಗಾ ಬಿಚ್ಚುವುದನ್ನೂ ಜೋಡಿಸುವುದನ್ನೂ ತೋರಿಸಿದಳು, ಆಮೇಲೆ ಪೋನಿಯ ಕೈಯಿಂದಲೇ ಮಾಡಿಸಿದಳು. ಹೊರಡುವಾಗ ಪಾನಾಗಳನ್ನು ಅವಳಿಗೇ ಬಿಟ್ಟು ಹೋದಳು. ಕಚೇರಿಗೆ ಏನು ಹೇಳಿದಳೋ ಗೊತ್ತಿಲ್ಲ.

ಎರಡನೆಯ ಪಂಪು ಮೇಲಿನ ಹಳ್ಳಿಗೆ ಹೋಯಿತು. ಅಲ್ಲಿ ಅದಕ್ಕೂ ಬೀಗ ಹಾಕಿದರಂತೆ. ಕೆಳಕೇರಿಯವರು ನನ್ನ ಹತ್ತಿರವೇ ಬಂದರು. ವಾನಿ ಆ ಸರಪಳಿಯನ್ನು ತೆಗೆದುಕೊಂಡು ಹೋಗಿ ಮೇಕೆ ಕಟ್ಟಿದ. ಆಮೇಲೆ ಯುದ್ಧ ಮರಳಿತು, ಮತ್ತೆ ಗುಂಡು ಹಾರಿತು. ಕಚೇರಿಯವರು ದೇಶ ಬಿಟ್ಟರು, ಊರಿನವರು ಕಾಡು ಸೇರಿದರು. ಬಂದೂಕಿನವರು ಬಂದು ನನ್ನ ಹಿಡಿಕೆ ಹೊಡೆದರು. ಅವರನ್ನು ಓಡಿಸಿದವರು ಬಂದೂ ಹೊಡೆದರು. ಎಲ್ಲರಿಗೂ ನೀರು ಕೊಟ್ಟೆ. ಬಾಯಾರಿದವನ ಪಕ್ಷ ಯಾವುದೆಂದು ಕೇಳುವ ಅಭ್ಯಾಸ ನನಗಿಲ್ಲ. ಜನ ಮರಳಿದಾಗ ಪೋನಿ ಮೊದಲು ನನ್ನ ಹತ್ತಿರ ಬಂದಳು. ಸೊಂಟಕ್ಕೆ ಕಟ್ಟಿಕೊಂಡಿದ್ದ ಪಾನಾಗಳನ್ನು ಬಿಚ್ಚಿದಳು. ಹೊಸ ವಾಷರ್ ಸಿಗದಿದ್ದಾಗ ಸುಟ್ಟ ಲಾರಿಯ ಟೈರು ಕತ್ತರಿಸಿ ವಾಷರ್ ಮಾಡಿದಳು.

ಈಗ ನನಗೆ ವಯಸ್ಸಾಗಿದೆ. ನೀಲಿ ಬಣ್ಣ ಎಂದೋ ಹೋಯಿತು. ಹಿಡಿಕೆ ಕೈಗಳಿಗೆ ಸವೆದು ತೆಳುವಾಗಿದೆ. ಎತ್ತಿ ಇಳಿಸಿದಾಗಲೆಲ್ಲ ಮುದುಕನ ಮೊಣಕಾಲಿನಂತೆ ಕೀರೆನ್ನುತ್ತೇನೆ. ಸವೆದದ್ದಕ್ಕೆ ನನಗೆ ಒಂದಿಷ್ಟೂ ಬೇಸರವಿಲ್ಲ. ಹೊಸದರ ಹಾಗೆ ಹೊಳೆಯುವ ಪಂಪನ್ನು ಕಂಡರೆ ನನಗೆ ಅನುಮಾನ ಬರುತ್ತದೆ.

ಮೊನ್ನೆ ಮೇಲಿನ ಹಳ್ಳಿಗೆ ಹೊರಟಿದ್ದ ಹೊಸ ಪರಿಶೀಲನೆಯವನೊಬ್ಬ ದಾರಿಯಲ್ಲಿ ಇಲ್ಲಿ ನಿಂತ. ಕೈಯಲ್ಲಿ ಹಲಗೆಯಂಥ ಫೋನು. ಅದರಲ್ಲಿರುವ ನಕ್ಷೆ ನೋಡಿದ, ನನ್ನನ್ನು ನೋಡಿದ, ಮತ್ತೆ ನಕ್ಷೆ ನೋಡಿದ. ಹಿಡಿಕೆ ಹೊಡೆಯುತ್ತಿದ್ದವಳು ಕಿಡೆನ್. ಈಗ ಅವಳ ಬೆನ್ನಿಗೂ ಒಂದು ಮಗು.

"ತಂಗಿ, ಇಲ್ಲಿ ಪಂಪು ಕೆಟ್ಟಿದೆ ಅಂತ ಇದೆಯಲ್ಲ?"

"ಕುಡಿದು ನೋಡಿ ಅಣ್ಣ."

ಅವನು ಬೊಗಸೆ ಒಡ್ಡಿ ಕುಡಿದ. ಮುಖ ತೊಳೆದ. ಮತ್ತೆ ಕುಡಿದ. ಅವನ ಮುಖ ಅರಳಿತು.

"ಇಷ್ಟು ವರ್ಷ ತಪ್ಪಾಗಿ ಉಳಿದಿದೆ. ಈಗಲೇ ಹಸಿರು ಮಾಡ್ತೀನಿ."

"ಬೇಡ."

"ಯಾಕೆ?"

"ಹಸಿರಾದರೆ ವರ್ಷ ವರ್ಷ ನೋಡೋಕೆ ಬರ್ತೀರಿ. ನೀವು ಬರ್ತೀರಿ ಅಂದ್ರೆ ಯಾರೋ ಒಬ್ಬರು ಬೀಗ ತರ್ತಾರೆ. ಇದು ಕೆಟ್ಟಿದೆ ಅಂತ ಇರೋದ್ರಿಂದಲೇ ನನ್ನ ಮಗು ಇದರ ನೀರು ಕುಡೀತಿದೆ."

ಅವನ ಬೆರಳು ಪರದೆಯ ಮೇಲೆ ಹಾಗೇ ನಿಂತಿತು. ಅಷ್ಟರಲ್ಲಿ ಪೋನಿ ಬಂದಳು. ಕೂದಲು ನೆರೆತಿದೆ, ದನಿ ಮಾತ್ರ ಮೊದಲಿನಷ್ಟೇ ದೊಡ್ಡದು. ಕ್ಯಾನನ್ನು ನನ್ನ ಬಾಯಿಯ ಕೆಳಗೆ ಇಟ್ಟು, ಮೊಣಕೈಯಿಂದ ಅವನನ್ನು ಮೆಲ್ಲಗೆ ಆಚೆ ಸರಿಸಿದಳು.

"ನಿನ್ನ ಲೆಕ್ಕ ಆಮೇಲೆ ಮಾಡ್ಕೋ ಮಗನೇ. ಹಿಂದೆ ಸಾಲು ನಿಂತಿದೆ."

ಅವನು ಸಾಲನ್ನು ನೋಡಿದ. ಫೋನನ್ನು ಚೀಲಕ್ಕೆ ಹಾಕಿದ. ಆಮೇಲೆ ತನ್ನ ಖಾಲಿ ಬಾಟಲಿ ತೆಗೆದುಕೊಂಡು ಸಾಲಿನ ಕೊನೆಗೆ ಹೋಗಿ ನಿಂತ.

ಚುಕ್ಕೆ ಕೆಂಪಾಗಿಯೇ ಇದೆ. ಕಿಡೆನ್ ಹಿಡಿಕೆ ಎತ್ತಿದಳು, ನಾನು ಕೀರೆಂದೆ, ನೀರು ಬಂತು.