ಅನಿಮೆಯೂ ಎಮ್ಮೆಯೂ

ಮೇಘನಳಿಗೂ ಪವಿತ್ರಳಿಗೂ ಮಾತಾಡಲು ಇಂಥದ್ದೇ ವಿಷಯ ಬೇಕೆಂದಿರಲಿಲ್ಲ. ಪಾಂಡವಪುರದ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಈಗಲೂ ದಿನಾ ಒಬ್ಬರಿಗೊಬ್ಬರು ವಾಯ್ಸ್ ಮೆಸೇಜು ಕಳಿಸದಿದ್ದರೆ ಇಬ್ಬರಿಗೂ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ. ಸಾರಿಗೆ ಉಪ್ಪು ಜಾಸ್ತಿಯಾದದ್ದು, ಫ್ರೀ ಬಸ್ಸಿನಲ್ಲಿ ಸೀಟು ಸಿಗದ ದಿನ ಸರ್ಕಾರವನ್ನು ಬೈದದ್ದು, ಸಿಕ್ಕ ದಿನ ಅದೇ ಸರ್ಕಾರವನ್ನು ಹೊಗಳಿದ್ದು, ಎಲ್ಲವೂ ಅದರಲ್ಲಿ ಬರುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಬರುತ್ತಿದ್ದದ್ದು ಅನಿಮೆ, ಅಂದರೆ ಜಪಾನಿನ ಬೊಂಬೆ ಸೀರಿಯಲ್ಲುಗಳು. ಯಾವುದರ ಕತೆ ಚೆನ್ನಾಗಿದೆ, ಯಾವುದನ್ನು ಸುಮ್ಮನೆ ಎಳೆದಿದ್ದಾರೆ ಎಂದು ಇವರು ತೀರ್ಪು ಕೊಡುವ ಜೋರು ನೋಡಿದರೆ, ಜಪಾನಿನವರು ಇವರಿಬ್ಬರ ಒಪ್ಪಿಗೆಗೇ ಕಾದು ಕೂತಿದ್ದಾರೆ ಅನ್ನಬೇಕು.

ಮೇಘನಳ ತಾಯಿ ಮಂಗಳಮ್ಮನ ಕಿವಿಗೆ ಮಾತ್ರ ಅನಿಮೆ ಎಂಬುದು ಎಮ್ಮೆ ಎಂದೇ ಬೀಳುತ್ತಿತ್ತು. "ಕಸ ಗುಡಿಸ್ದೆ ಫೋನಲ್ಲಿ ಎಮ್ಮೆ ನೋಡ್ಕಂಡ್ ಕುಂತವ್ಳೆ. ಕೊಟ್ಗೇಲಿರೋ ಎಮ್ಮೆ ನೋಡಕ್ಕೆ ಏನ್ ರೋಗ ಇವ್ಳಿಗೆ?" ಎಂದು ಆಕೆ ಬೈದದ್ದನ್ನು ಕೇಳಿ ಪವಿತ್ರ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಚಿನಕುರಳಿಯಾಚೆಗಿನ ಅವರ ಊರಿನಲ್ಲಿ ಈ ಸಲ ಹಾಲಿನ ಡೈರಿಗೆ ಚುನಾವಣೆ. ಅಧ್ಯಕ್ಷನಾಗಬೇಕೆಂದು ಒಂದು ಕಡೆ ಮೇಘನಳ ಸೋದರಮಾವ ತಿಮ್ಮರಾಜು ನಿಂತಿದ್ದ, ಇನ್ನೊಂದು ಕಡೆ ಪವಿತ್ರಳ ಅಪ್ಪ ಪುಟ್ಟರಾಜು. ಮೇಘನಳ ಅಪ್ಪ ಸತ್ತ ಮೇಲೆ ತಾಯಿಮಗಳನ್ನು ತನ್ನ ಮನೆಗೆ ಕರೆತಂದು, ಒಂದು ದಿನವೂ ಹೊರಗಿನವರಂತೆ ಕಾಣದೆ ಸಾಕಿದವನು ತಿಮ್ಮರಾಜು. ಆದರೆ ರಾಜಕೀಯಕ್ಕೆ ಬಂದರೆ ಆತನ ರೀತಿಯೇ ಬೇರೆ. ಯಾವ ಪಾರ್ಟಿ ಗೆದ್ದರೂ ಮೊದಲು ಹಾರ ಹಿಡಿದು ಓಡುವವನು ಆತನೇ.

"ಎಲೆಕ್ಷನ್ ಅವ್ರದು ಕಣಮ್ಮಿ, ನಮ್ಗೂ ಅದ್ಕೂ ಏನ್ ಸಂಬಂಧ?" ಎಂದವಳು ಪವಿತ್ರ. ಮೇಘನ ನಂಬಿದಳು. ಆ ನಂಬಿಕೆಯಲ್ಲೇ ಒಂದು ಸಂಜೆ, ಹೊಸ ಅನಿಮೆಯೊಂದರಲ್ಲಿ ತನ್ನ ರಾಜನಿಗೇ ವಿಷವಿಟ್ಟ ನಗುಮುಖದ ಮಂತ್ರಿಯನ್ನು ನೋಡಿ, ಬಾಯಿಗೆ ಬಂದದ್ದನ್ನೆಲ್ಲ ಮಾತಾಡಿ ಅವಳಿಗೆ ಕಳಿಸಿಬಿಟ್ಟಳು.

ಚುನಾವಣೆಯ ಹಿಂದಿನ ದಿನ ಬೆಳಿಗ್ಗೆ ಡೈರಿ ಮುಂದೆ ಹಾಲು ಹಾಕಲು ನಿಂತವರ ಫೋನುಗಳಲ್ಲೆಲ್ಲ ಮೇಘನಳ ದನಿ. ಊರಿನ ವಾಟ್ಸಾಪ್ ಗ್ರೂಪಿಗೆ ಬಂದಿತ್ತು. ಹಿಂದುಮುಂದಿನದನ್ನು ಕತ್ತರಿಸಿ ಒಂದೇ ಸಾಲು ಉಳಿಸಿದ್ದರು: "ಅನಿಮೇಲ್ ವಿಷ ಆಕ್ದೋನು ನಮ್ ತಿಮ್ಮರಾಜು ಮಾವನೇ ಕಣಮ್ಮಿ."

ಅನಿಮೆ ಎಂಬ ಪದವನ್ನೇ ಕೇಳದ ಊರು. ಹೋದ ಬೇಸಿಗೆಯಲ್ಲಿ ಚಿಕ್ಕಬೋರಮ್ಮನ ಎಮ್ಮೆ ಇದ್ದಕ್ಕಿದ್ದಂತೆ ನೊರೆ ಕಾರಿ ಸತ್ತದ್ದನ್ನು ಮರೆಯದ ಊರು. ಎಮ್ಮೆಗೆ ವಿಷ ಹಾಕಿದವನು ತಿಮ್ಮರಾಜು ಎಂದೇ ಎಲ್ಲರಿಗೂ ಕೇಳಿಸಿತು.

"ಲೇ ತಿಮ್ಮ, ಬಾಯಿಲ್ದಿರೋ ಜೀವ ನಿಂಗೇನ್ಲಾ ಮಾಡಿತ್ತು?" ಎಂದು ಚಿಕ್ಕಬೋರಮ್ಮ ಎದೆ ಎದೆ ಬಡಿದುಕೊಂಡಳು. ಆ ಎಮ್ಮೆ ಬಿದ್ದ ದಿನ ಡಾಕ್ಟರನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದಿದ್ದವನೇ ತಿಮ್ಮರಾಜು. ಈಗ ಹಾಲಿನ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದ.

ಸುದ್ದಿ ಕೇಳಿ ಮೇಘನ ಓಡಿಬಂದಳು. ಪವಿತ್ರ ಅಪ್ಪನ ಪಕ್ಕದಲ್ಲೇ ನಿಂತಿದ್ದಳು.

"ಪವಿತ್ರಾ, ನೀನಾದ್ರೂ ಏಳೇ. ನಾನಂದಿದ್ದು ಎಮ್ಮೆ ಅಲ್ಲ, ಅನಿಮೆ ಅಂತ ಏಳೇ."

ಪವಿತ್ರ ಅಪ್ಪನ ಮುಖ ನೋಡಿದಳು. "ನಂಗೇನ್ ಗೊತ್ತಮ್ಮಿ? ನಂಗೂ ಎಮ್ಮೆ ಅಂದಂಗೇ ಕೇಳುಸ್ತು," ಎಂದಳು.

ಮಂಗಳಮ್ಮನ ಬೈಗುಳ ಕೇಳಿ ನಕ್ಕವಳಿಗೆ ಈ ಪದ ಊರಿನವರ ಕಿವಿಗೆ ಹೇಗೆ ಬೀಳುತ್ತದೆಂದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಆ ಸಾಲನ್ನು ಆರಿಸಿ ಕತ್ತರಿಸಿದ್ದಳು. ಇಷ್ಟು ವರ್ಷ ಇವಳೆದುರು ಮನಸ್ಸು ಬಿಚ್ಚಿಟ್ಟ ತನ್ನ ನಾಲಿಗೆಯ ಮೇಲೇ ಮೇಘನಳಿಗೆ ಅಸಹ್ಯವಾಯಿತು.

ಪೂರ್ತಿ ಮೆಸೇಜು ತನ್ನ ಫೋನಿನಲ್ಲಿತ್ತು. ಅದನ್ನು ಕೇಳಿಸಿದರೆ ಮಾವನ ಮೇಲಿನ ಅಪವಾದ ಹೋಗುತ್ತದೆ. ಆದರೆ ಉಳಿದ ಮಾತೂ ಮಾವನ ಕಿವಿಗೆ ಬೀಳುತ್ತದೆ. ಚಿಕ್ಕಬೋರಮ್ಮ ಬೀದಿಯ ಮಣ್ಣು ತೂರಿ ಶಾಪ ಹಾಕತೊಡಗಿದಳು. ಮೇಘನ ಕಣ್ಣು ಮುಚ್ಚಿ ಫೋನು ಒತ್ತಿದಳು.

"ಈ ಜಪಾನ್ ಬೊಂಬೆಗಳ್ ಕತೆ ಸಕತ್ತಾಗದೆ ಕಣಮ್ಮಿ. ರಾಜಂಗೇ ವಿಷ ಕೊಡ್ತಾನಲ್ಲ ಆ ಮಂತ್ರಿ, ಅನಿಮೇಲ್ ವಿಷ ಆಕ್ದೋನು ನಮ್ ತಿಮ್ಮರಾಜು ಮಾವನೇ ಕಣಮ್ಮಿ. ಥೇಟ್ ಅದೇ ನಗು. ಯಾರ್ ಗೆದ್ರೂ ಅವ್ರ ಪಕ್ದಲ್ ನಿಂತ್ಕಳದು. ನಾಳೀಕ್ ನನ್ನೂ ನಮ್ಮವ್ವನ್ನೂ ಮಾರ್ಬುಟ್ಟು ಇಂಗೇ ನಗ್ತಾ ನಿಂತಿರ್ತಾನೆ."

ಚಿಕ್ಕಬೋರಮ್ಮ, "ಅಂಗಾರೆ ಇದು ಬೊಂಬೆ ಕತೆನಾ?" ಎಂದು ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಸಾಲಿನಲ್ಲಿದ್ದವರು ಗೊಳ್ಳೆಂದು ನಕ್ಕರು. ಪುಟ್ಟರಾಜು ಮಗಳ ಕೈ ಹಿಡಿದುಕೊಂಡು ಅಲ್ಲಿಂದ ಜಾಗ ಖಾಲಿ ಮಾಡಿದ.

ಮೇಘನ ಮಾವನ ಹತ್ತಿರ ಹೋಗಿ, "ತಪ್ಪಾಯ್ತು ಮಾವ, ತಮಾಸೆಗ್ ಅಂದಿದ್ದು. ಎಮ್ಮೆ ಮಾತು ಸುಳ್ಳು ಅಂತ ಎಲ್ರಿಗೂ ಗೊತ್ತಾಯ್ತಲ್ಲ," ಎಂದಳು.

"ಅದು ಸುಳ್ಳು ಅಂತ ನಂಗ್ ಮೊದ್ಲೇ ಗೊತ್ತಿತ್ತಲ್ಲ ಕೂಸೇ," ಎಂದ ತಿಮ್ಮರಾಜು. "ಇದು ಗೊತ್ತಿರ್ಲಿಲ್ಲ."

ಹಾಲಿನ ಕ್ಯಾನನ್ನು ಅಲ್ಲೇ ಬಿಟ್ಟು, ಅವಳನ್ನು ಕರೆಯದೆ ಮನೆಯ ಕಡೆ ನಡೆದುಹೋದ.